ಮಾನ್ಯವೂ ಕೊಡಗೆಯೂ: ಗೋಣಿಬೀಡು ಸೀಮೆಯನ್ನು ಮುಂದಿಟ್ಟುಕೊಂಡು ವಿದ್ಯಾಸನ್ಮಾನಪದ್ಧತಿಯ ವಿವೇಚನೆ

೧

ಶಾಲೆಗೆ ನೆರವಾದ ಊರವರನ್ನೂ, ಚೆನ್ನಾಗಿ ಕಲಿತ ವಿದ್ಯಾರ್ಥಿಗಳನ್ನೂ, ಅವರಿಗೆ ಕಲಿಸಿದ ಉಪಾಧ್ಯಾಯರನ್ನೂ ಒಂದೇ ಸಭೆಗೆ ಕರೆದು ಮನ್ನಿಸುವ ಪದ್ಧತಿಯು ಈಗ ಕನ್ನಡನಾಡಿನ ಹೋಬಳಿಹೋಬಳಿಗಳಲ್ಲಿಯೂ ರೂಢವಾಗಿದೆ. ಶಾಲೆಯ ವಾರ್ಷಿಕೋತ್ಸವ, ಶತಮಾನೋತ್ಸವ, ಸೆಪ್ಟೆಂಬರ್ ೫ರ ಶಿಕ್ಷಕರ ದಿನ, ನವೆಂಬರ್ ೧ರ ರಾಜ್ಯೋತ್ಸವ ಇವೇ ಅದಕ್ಕೆ ಸಂದರ್ಭಗಳು. ದಾನಿಗೆ ಶಾಲು, ಹಾರ, ಹಣ್ಣಿನ ತಟ್ಟೆ. ಉಪಾಧ್ಯಾಯನಿಗೆ ಇವುಗಳ ಜೊತೆಗೆ ಮೈಸೂರು ಪೇಟ, ಅಭಿನಂದನಪತ್ರ. ವಿದ್ಯಾರ್ಥಿಗೆ ಪ್ರತಿಭಾ ಪುರಸ್ಕಾರವೆಂಬ ಹೆಸರಿನಿಂದ ಪುಸ್ತಕವೋ ನಗದು ಬಹುಮಾನವೋ ಸಲ್ಲುವುದು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಂತಹ ಕಾಫಿಯ ಸೀಮೆಯಲ್ಲಿ ಈ ದಾನಿಗಳು ಬಹುಮಟ್ಟಿಗೆ ತೋಟದ ಒಡೆಯರು, ವರ್ತಕರು, ಊರು ಬಿಟ್ಟುಹೋಗಿ ಬೇರೆಡೆಯಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು.

ಈ ಸಭೆಗಳನ್ನು ಇಂಗ್ಲಿಷ್ ಶಾಲೆಗಳ ಬಹುಮಾನ ವಿತರಣೆಯ ಅನುಕರಣವೆಂದು ಭಾವಿಸುವವರುಂಟು. ಹೊರಗಿನ ರೂಪದ ಮಟ್ಟಿಗೆ ಈ ಮಾತು ಸುಳ್ಳಲ್ಲ. ಆದರೆ ದಾನಿ, ಗುರು, ಶಿಷ್ಯ ಈ ಮೂವರನ್ನೂ ಒಟ್ಟಿಗೆ ಸೇರಿಸಿ ಮನ್ನಿಸುವ ಭಾವನೆಯು ಈ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಳೆಯದೆಂಬುದು ಶಾಸನಗಳಿಂದ ತಿಳಿದುಬರುತ್ತದೆ. ಅಷ್ಟು ಮಾತ್ರವಲ್ಲದೆ, ಆ ಹಳೆಯ ಮನ್ನಣೆಗೂ ಇಂದಿನ ಸನ್ಮಾನಕ್ಕೂ ಒಂದು ಮುಖ್ಯವಾದ ಭೇದವೂ ಕಂಡುಬರುತ್ತದೆ. ಹಿಂದೆ ಮನ್ನಣೆಯೆಂದರೆ ಮುಂದೆ ನಡೆಯಿಸಿಕೊಂಡು ಹೋಗಬೇಕಾದ ಒಂದು ಏರ್ಪಾಡು. ಇಂದು ಅದು ನಡೆದುಹೋದುದಕ್ಕೆ ಸಲ್ಲಿಸುವ ವಂದನೆ. ಈ ಭೇದವನ್ನು ಸಾಧ್ಯವಾದಷ್ಟು ಸ್ಪಷ್ಟಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದಗಳನ್ನು ಪರಿಶೀಲಿಸುವುದು ಯುಕ್ತ. ‘ಮಾನ್ಯ’ ಎಂಬ ಶಬ್ದವು ಇಂದು ಸಂಬೋಧನೆಯಲ್ಲಿ ಬಳಕೆಯಾಗುತ್ತಿದೆ. ಗೌರವಕ್ಕೆ ಪಾತ್ರನಾದವನೆಂದು ಅದರ ಅರ್ಥ. ಆದರೆ ಶಾಸನಗಳಲ್ಲಿಯೂ ಹಳೆಯ ಕಂದಾಯದ ಲೆಕ್ಕಗಳಲ್ಲಿಯೂ ‘ಮಾನ್ಯ’ವೆಂದರೆ ತೆರಿಗೆಯಿಲ್ಲದೆ ಅಥವಾ ಅಲ್ಪ ತೆರಿಗೆಯೊಡನೆ ಬಿಟ್ಟ ಭೂಮಿ. ಯಾವ ತೆರಿಗೆಯೂ ಇಲ್ಲದೆ ಬಿಟ್ಟುದು ‘ಸರ್ವಮಾನ್ಯ’. ಗೌರವಕ್ಕೂ ಗದ್ದೆಗೂ ಒಂದೇ ಹೆಸರು ಬಂದುದು ಆಕಸ್ಮಿಕವಲ್ಲ. ಒಬ್ಬನನ್ನು ಮನ್ನಿಸುವುದೆಂದರೆ ಅವನ ಜೀವಿಕೆಗೆ ಆಧಾರ ಕಲ್ಪಿಸುವುದೆಂದೇ ಆ ಕಾಲದವರು ತಿಳಿದಿದ್ದರು.

‘ಕೊಡಗೆ’ ಎಂಬುದು ಇದಕ್ಕಿಂತಲೂ ವಿಚಾರಾರ್ಹವಾದ ಶಬ್ದ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಕಾಪಾಡುವವನಿಗೆ ಬಿಟ್ಟ ಭೂಮಿ ಕೆರೆಗೊಡಗೆ. ಊರಿಗಾಗಿ ಕಾದಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಇವೆರಡರಲ್ಲಿಯೂ ಕೊಡುವುದು ಊರು ಅಥವಾ ಅರಸು; ಪಡೆಯುವವನು ಸೇವೆ ಸಲ್ಲಿಸಿದವನು. ಈಗ ಶಾಲೆಗಳ ಬೀರು, ಬೆಂಚು, ಬೀಸಣಿಗೆಗಳ ಮೇಲೆ ಇಂಥವರ ‘ಕೊಡುಗೆ’ ಎಂದು ಬರೆದಿರುವುದನ್ನು ಎಲ್ಲೆಲ್ಲಿಯೂ ಕಾಣಬಹುದು. ಧಾತು ಒಂದೇ, ದಿಕ್ಕು ಮಾತ್ರ ಬದಲಾಗಿದೆ. ಹಿಂದೆ ಊರು ಯೋಗ್ಯನಿಗೆ ಕೊಟ್ಟುದು ಕೊಡಗೆಯಾಗಿತ್ತು. ಇಂದು ಅನುಕೂಲಸ್ಥನು ಊರಿಗೆ ಕೊಟ್ಟುದು ಕೊಡುಗೆಯಾಗಿದೆ.

‘ಪುರಸ್ಕಾರ’ವೆಂದರೆ ಮುಂದಿರಿಸುವುದು. ಗುಂಪಿನಲ್ಲಿ ಹಿಂದೆ ನಿಂತವನನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಮುಂದಕ್ಕೆ ಕರೆಯುವುದೆಂದು ಅದರ ಅವಯವಾರ್ಥ. ‘ಸಂಭಾವನೆ’ಯಲ್ಲಿ ಗೌರವ, ದಕ್ಷಿಣೆ ಎಂಬ ಎರಡು ಅರ್ಥಗಳೂ ಸೇರಿವೆ. ೧೯೪೧ರಲ್ಲಿ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರೂ ಮಿತ್ರರೂ ಒಪ್ಪಿಸಿದ ಗೌರವಗ್ರಂಥಕ್ಕೆ ‘ಸಂಭಾವನೆ’ ಎಂದೇ ಹೆಸರಿಟ್ಟುದು ಬಹಳ ಉಚಿತವಾಗಿತ್ತು. ಗುರುವಿಗೆ ದಕ್ಷಿಣೆಯಾಗಿ ವಿದ್ಯೆಯನ್ನೇ ಹಿಂದಕ್ಕೆ ಒಪ್ಪಿಸಿದಂತಾಯಿತು. ೧೯೪೯ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನವನ್ನು ಕುವೆಂಪು ಅವರು ಹತ್ತು ವರ್ಷಗಳ ಹಿಂದೆಯೇ ದಿವಂಗತರಾಗಿದ್ದ ತಮ್ಮ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದುದೂ ಇದೇ ಜಾತಿಯ ಮನ್ನಣೆ.

೩

ಗತಿಸಿದ ಗುರುವಿಗೆ ಸಲ್ಲುವ ಇಂತಹ ಮನ್ನಣೆಯ ಪ್ರಾಚೀನವಾದ ಉದಾಹರಣೆಯೊಂದು ಗೋಣಿಬೀಡಿನ ನೆರೆಯಲ್ಲಿಯೇ ದೊರೆತಿದೆ. ಗೋಣಿಬೀಡು ಎಂಬ ಹೆಸರಿನ ಉತ್ತರಪದವಾದ ‘ಬೀಡು’ ಪಾಳೆಯವನ್ನೂ ಒಡೆಯನ ನೆಲೆಯನ್ನೂ ಹೇಳುವ ಪದ, ಹಳೇಬೀಡಿನಲ್ಲಿರುವುದೂ ಅದೇ. ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿಯೆಂಬ ಗ್ರಾಮವು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ವಿದ್ವಾಂಸರು ನಿರ್ಣಯಿಸಿರುವರು. ವಾಸಂತಿಕಾದೇವಿಯ ಗುಡಿಯೂ ಹಳೆಯ ಬಸದಿಗಳೂ ಅಲ್ಲಿವೆ. ಗುರುವಾದ ಜೈನಮುನಿಯು ಹುಲಿಯು ಮೇಲೆ ಬಿದ್ದಾಗ ಹೊಡೆಯೆಂದು ಆಜ್ಞಾಪಿಸಿದನೆಂದೂ, ಶಿಷ್ಯನಾದ ಸಳನು ಹಾಗೆಯೇ ಮಾಡಿದನೆಂದೂ, ಅದರಿಂದ ವಂಶಕ್ಕೆ ಹೊಯ್ಸಳವೆಂಬ ಹೆಸರು ಬಂದಿತೆಂದೂ ಹೇಳುವ ಐತಿಹ್ಯವು ಈ ಸ್ಥಳಕ್ಕೇ ಸೇರಿದುದು. ಈ ಕಥೆಯು ಕ್ರಿ. ಶ. ಹನ್ನೆರಡನೆಯ ಶತಮಾನದ ಶಾಸನಗಳಿಂದ ಮೊದಲ್ಗೊಂಡು ಕಾಣಿಸಿಕೊಳ್ಳುವುದರಿಂದ ಇದನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೂ ಒಂದು ರಾಜವಂಶವು ತನ್ನ ಹೆಸರನ್ನೇ ಗುರುವಿನ ಮಾತಿನಿಂದ ಪಡೆದೆನೆಂದು ಹೇಳಿಕೊಳ್ಳಲು ಹೆಮ್ಮೆಪಟ್ಟಿತೆಂಬುದು ಗಮನಾರ್ಹ.

ಐತಿಹ್ಯವನ್ನು ಬಿಟ್ಟು ಶಾಸನಕ್ಕೆ ಬಂದರೆ, ಕ್ರಿ. ಶ. ೧೦೬೨ರ ಅಂಗಡಿಯ ಬರವಣಿಗೆಯೊಂದು ಮುಖ್ಯವಾದುದು. ಹೊಯ್ಸಳ ವಿನಯಾದಿತ್ಯನ ಗುರುವಾದ ಶಾಂತಿದೇವನು ಆ ವರ್ಷ ದೇಹತ್ಯಾಗ ಮಾಡಿದನು. ಅವನ ನೆನಪಿಗಾಗಿ ಅಲ್ಲಿಯ ಊರವರೂ ನಕರಸಮೂಹವೂ ಕೂಡಿ ನಿಸಿದಿಯನ್ನು ನಿಲ್ಲಿಸಿದರೆಂದು ಶಾಸನವು ತಿಳಿಸುತ್ತದೆ. ನಕರವೆಂದರೆ ವರ್ತಕರ ಸಂಘ. ಶಾಂತಿದೇವನನ್ನು ಸೇವಿಸಿ ವಿನಯಾದಿತ್ಯನು ರಾಜ್ಯಶ್ರೀಯನ್ನು ಪಡೆದನೆಂಬ ಅರ್ಥದ ಮಾತು ಶ್ರವಣಬೆಳಗೊಳದ ೧೧೨೯ರ ಮಲ್ಲಿಷೇಣಪ್ರಶಸ್ತಿಯಲ್ಲಿಯೂ ಇರುವುದರಿಂದ ಗುರುಶಿಷ್ಯರ ಈ ಸಂಬಂಧಕ್ಕೆ ಎರಡು ಕಡೆಯ ಆಧಾರ ದೊರೆತಂತಾಗಿದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಗುರುವಿನ ಶಿಷ್ಯನು ಅರಸನೇ ಆಗಿದ್ದರೂ ಕಲ್ಲನ್ನು ನಿಲ್ಲಿಸಿದವರು ಊರವರು ಮತ್ತು ವರ್ತಕರು. ಆತನು ತಮ್ಮೆಲ್ಲರಿಗೂ ಗುರುವೆಂಬ ಭಾವನೆಯಿಂದಲೇ ಅವರು ಹಾಗೆ ಮಾಡಿದರು. ಆದುದರಿಂದ ಇದು ಅರಮನೆಯ ಗೌರವವಾಗದೆ ಸಮುದಾಯದ ಗೌರವವಾಯಿತು. ಎರಡನೆಯದಾಗಿ, ಇಂತಹ ನಿಸಿದಿಗಳನ್ನು ನಿಲ್ಲಿಸುವುದಕ್ಕೆ ಜೈನಶಾಸನಗಳಲ್ಲಿ ‘ಪರೋಕ್ಷವಿನಯ’ವೆಂಬ ಮಾತು ರೂಢಿಯಲ್ಲಿದೆ. ಎದುರಿನಲ್ಲಿ ಇಲ್ಲದವನಿಗೆ ತೋರುವ ವಿನಯವೆಂದು ಅದರ ತಾತ್ಪರ್ಯ. ಪ್ರತ್ಯಕ್ಷದಲ್ಲಿ ತೋರಿದ ವಿನಯಕ್ಕೆ ಪ್ರತಿಫಲದ ಆಸೆ ಇರಬಹುದು. ಪರೋಕ್ಷದಲ್ಲಿ ತೋರುವುದಕ್ಕೆ ಆ ಶಂಕೆಯಿಲ್ಲ. ಕಾಫಿಯ ಗಿಡವು ಈ ಬೆಟ್ಟಗಳಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ಇಲ್ಲಿಯ ವರ್ತಕರು ಒಬ್ಬ ಗುರುವನ್ನು ಹೀಗೆ ಮನ್ನಿಸಿದರೆಂಬುದು ಈ ಸೀಮೆಯ ಶಾಲೆಗಳ ದಾನಿಗಳಿಗೆ ತಿಳಿದಿರಬೇಕಾದ ಸಂಗತಿ.

೪

ಅಂಗಡಿಯ ಕಲ್ಲು ಒಬ್ಬ ಗುರುವಿಗೆ ಸಂಬಂಧಿಸಿದುದು. ವಿದ್ಯಾಸ್ಥಾನವೊಂದರ ದಾನಿ, ಗುರು, ಶಿಷ್ಯರೆಲ್ಲರೂ ಕೂಡಿ ಕಾಣಿಸಿಕೊಳ್ಳುವ ಶಾಸನಗಳಿಗಾಗಿ ನಾಡಿನ ಉತ್ತರಭಾಗದ ಕಡೆಗೆ ನೋಡಬೇಕಾಗುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವು ಕ್ರಿ. ಶ. ೯೪೫ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದುದರಿಂದ ಅವರ ವಸತಿಗಾಗಿ ೨೭ ಮನೆಗಳು ಏರ್ಪಟ್ಟವು. ದೀಪದ ವೆಚ್ಚಕ್ಕೆ ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿ ಪ್ರತ್ಯೇಕವಾಗಿ ಸಂದಿತು. ಇದಕ್ಕಿಂತಲೂ ಸ್ವಾರಸ್ಯವಾದುದು ಊರವರು ತಮಗೆ ತಾವೇ ವಿಧಿಸಿಕೊಂಡ ನಿಯಮ. ಊರಿನಲ್ಲಿ ಮದುವೆಯಾದರೆ ಐದು, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲಿಯೂ ಅರ್ಧ, ಈ ಕ್ರಮದಿಂದ ಪ್ರತಿಯೊಂದು ಮನೆಯವರೂ ಶಾಲೆಗೆ ಹಣವನ್ನು ಸಲ್ಲಿಸಬೇಕಾಗಿತ್ತು. ಮನೆಯಲ್ಲಿ ಸಂತರ್ಪಣೆಯಾದಾಗ ಶಾಲೆಯವರನ್ನೂ ಶಕ್ತ್ಯನುಸಾರ ಉಣಬಡಿಸಬೇಕೆಂಬ ಏರ್ಪಾಡೂ ಇದ್ದಿತು. ಹೀಗೆ ಮಂತ್ರಿಯ ದೊಡ್ಡ ದಾನದ ಮಗ್ಗುಲಿನಲ್ಲಿಯೇ ಒಕ್ಕಲುಮನೆಯ ಸಣ್ಣ ಕಾಣಿಕೆಯೂ ಅದೇ ಕಂಬದ ಮೇಲೆ ಸ್ಥಾನ ಪಡೆಯಿತು. ಮನೆಯ ಶುಭಕಾರ್ಯದ ಸಂತೋಷದಲ್ಲಿ ಶಾಲೆಗೂ ಒಂದು ಪಾಲಿರಬೇಕೆಂಬುದೇ ಇದರ ಹುರುಳು.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನದ ಶಾಸನವು ಕ್ರಿ. ಶ. ೧೦೫೮ರದು, ಎಂದರೆ ಅಂಗಡಿಯ ನಿಸಿದಿಗಿಂತ ನಾಲ್ಕು ವರ್ಷ ಮಾತ್ರ ಹಿಂದಿನದು. ಚಾಲುಕ್ಯ ಮೊದಲನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇದರ ಸ್ಥಾಪಕ. ವೇದಾಧ್ಯಯನ ಮಾಡುವ ೨೦೦ ವಿದ್ಯಾರ್ಥಿಗಳಿಗೂ, ಶಾಸ್ತ್ರಾಧ್ಯಯನ ಮಾಡುವ ಸುಮಾರು ೫೦ ಮಂದಿಗೂ, ವೇದಕ್ಕೆ ಮೂವರು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರಿಗೂ ಅಲ್ಲಿ ವೃತ್ತಿ ಏರ್ಪಟ್ಟಿತು. ಅವರೊಡನೆ ಆರು ಮಂದಿ ‘ಸರಸ್ವತೀಭಂಡಾರಿ’ಗಳೂ ಇದ್ದರು. ಓಲೆಯ ಗ್ರಂಥಗಳನ್ನು ಕಾಯ್ದಿಡುವುದು ಇವರ ಕೆಲಸ. ಉಪಾಧ್ಯಾಯರು ಎಷ್ಟು ಮಂದಿಯೋ ಭಂಡಾರಿಗಳೂ ಅಷ್ಟೇ ಮಂದಿ ಎಂಬುದು ವಿಶೇಷ. ಪಾಠ ಹೇಳುವವರ ಹಿಂದೆ ಕಣ್ಣಿಗೆ ಬೀಳದೆ ದುಡಿಯುವವರಿಗೂ ಜೀವಿಕೆ ಕಲ್ಪಿಸಿ ಕಲ್ಲಿನ ಮೇಲೆ ಸ್ಥಾನ ಕೊಟ್ಟುದು ಈ ಶಾಸನದ ಹಿರಿಮೆ. ಇಂದಿನ ಸಭೆಗಳಲ್ಲಿ ಶಾಲೆಯ ಸಿಬ್ಬಂದಿಯನ್ನು ಸನ್ಮಾನಿಸುವಾಗ ಉಪಾಧ್ಯಾಯರಲ್ಲದವರ ಸರದಿ ಎಷ್ಟು ವಿರಳವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯದೆ ಇರದು.

ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳರ ಮಂತ್ರಿಯಾದ ಪೆರುಮಾಳೆಯು ತಲಕಾಡಿನ ಸಮೀಪದ ಮಾಲಂಗಿಯಲ್ಲಿ ಮಾಡಿದ ದತ್ತಿಯು ಇನ್ನೊಂದು ದೃಷ್ಟಿಯಿಂದ ಗಣನೀಯ. ವೇದ ಶಾಸ್ತ್ರಗಳಿಗೆ ಮಾತ್ರವಲ್ಲದೆ ‘ಬಾಳಶಿಕ್ಷೆ’ಗೂ, ಎಂದರೆ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವನಿಗೂ ಅಲ್ಲಿ ವೃತ್ತಿಯುಂಟು. ನಾಗರ, ಕನ್ನಡ, ತಿಗುಳ, ಆರ್ಯ ಎಂಬ ಬರಹಗಳನ್ನು ಅವನು ಕಲಿಸಬೇಕಾಗಿತ್ತು. ಕಾವ್ಯನಾಟಕಾಲಂಕಾರಗಳನ್ನು ಹೇಳುವ ಪಂಡಿತನ ಪಂಕ್ತಿಯಲ್ಲಿಯೇ ಓಂಕಾರ ತಿದ್ದಿಸುವ ಅಕ್ಷರಗುರುವಿಗೂ ಮಾನ್ಯವುಂಟೆಂಬ ವಿವೇಕವು ಇಲ್ಲಿ ವ್ಯಕ್ತವಾಗಿದೆ.

ಮೇಲ್ಕಂಡ ಶಾಸನಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಾಮಾನ್ಯ ಲಕ್ಷಣವು ಹೊಳೆಯುತ್ತದೆ. ದಾನಿಗೆ ಸಲ್ಲುವ ಗೌರವವೆಂದರೆ ಅವನ ಹೆಸರು. ಗುರುವಿಗೆ ಸಲ್ಲುವುದು ಭೂಮಿ. ಶಿಷ್ಯನಿಗೆ ಸಲ್ಲುವುದು ಅನ್ನ, ವಸತಿ, ಓದಿಗೆ ಬೆಳಕು. ಆದರೆ ಈ ಮೂರೂ ಒಂದೇ ಕಲ್ಲಿನ ಮೇಲೆ ಒಂದಕ್ಕೊಂದು ಬಿಗಿದುಕೊಂಡಿವೆ. ಗುರುಶಿಷ್ಯರ ವೃತ್ತಿಯು ನಿಂತುಹೋದರೆ ದಾನಿಯ ಹೆಸರು ಉಳಿದೂ ಪ್ರಯೋಜನವಿಲ್ಲ. ಆದುದರಿಂದಲೇ ಶಾಸನಗಳ ಕಡೆಯಲ್ಲಿ ದಾನವನ್ನು ಮಾಡುವುದಕ್ಕಿಂತ ಪಾಲಿಸುವುದು ಹೆಚ್ಚೆಂಬ ಅರ್ಥದ ಶ್ಲೋಕಗಳೂ, ಅಳಿದವರಿಗೆ ಶಾಪವೂ ತಪ್ಪದೆ ಬರುತ್ತವೆ. ಇವನ್ನು ಕೇವಲ ಸಂಪ್ರದಾಯದ ಮಾತುಗಳೆಂದು ಓದುವವರು ದಾಟಿ ಹೋಗುವುದುಂಟು. ವಾಸ್ತವವಾಗಿ ಶಾಸನದ ಮುಂದಿನ ಹೊಣೆಯೆಲ್ಲವೂ ಅಲ್ಲಿಯೇ ಅಡಗಿದೆ. ದಾನವು ಒಂದು ದಿನದ ಕೆಲಸ, ಪಾಲನೆಯು ತಲೆಮಾರುಗಳದು.

೫

ಹಿಂದಿನದನ್ನೆಲ್ಲ ಮೆಚ್ಚುವುದು ವಿಮರ್ಶೆಯ ದಾರಿಯಲ್ಲ. ಅಗ್ರಹಾರ, ಘಟಿಕಾಸ್ಥಾನಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಮಾಚಲಾಗದು. ವೇದಾಧ್ಯಯನಕ್ಕೆ ಏರ್ಪಟ್ಟ ವೃತ್ತಿಗಳು ಒಂದು ವರ್ಣದವರಿಗೆ ಮೀಸಲಾಗಿದ್ದುವು. ಆ ವೃತ್ತಿಯ ಭೂಮಿಯನ್ನು ಉತ್ತು ಬೆಳೆದವರ ಮಕ್ಕಳು ಆ ಶಾಲೆಗಳಲ್ಲಿ ಓದಲಿಲ್ಲ. ಹೆಣ್ಣುಮಕ್ಕಳ ಮಾತೂ ಅಲ್ಲಿಲ್ಲ. ಸಹಸ್ರ ಪ್ರತಿಗಳನ್ನು ಬರೆಯಿಸಿ ಪೊನ್ನನ ಶಾಂತಿಪುರಾಣವನ್ನು ಹಂಚಿದ ಅತ್ತಿಮಬ್ಬೆಯಂತಹ ಮಹಿಳೆಯರು ವಿದ್ಯೆಯ ದಾನಿಗಳಾಗಿ ಕೀರ್ತಿ ಪಡೆದರೇ ಹೊರತು ವಿದ್ಯಾಸ್ಥಾನಗಳ ವಿದ್ಯಾರ್ಥಿನಿಯರಾಗಿ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಬಹಳ ಅಪೂರ್ವ.

ಬಳ್ಳಿಗಾವೆಯ ಕೋಡಿಯಮಠವು ಈ ಕಟ್ಟಳೆಯನ್ನು ಸ್ವಲ್ಪ ಸಡಿಲಿಸಿದಂತೆ ತೋರುತ್ತದೆ. ಅಲ್ಲಿ ನಡೆಯುತ್ತಿದ್ದ ನಾನಾ ಶಾಸ್ತ್ರಗಳ ವ್ಯಾಖ್ಯಾನವನ್ನು ೧೧೬೨ರ ಶಾಸನವು ವಿಸ್ತಾರವಾಗಿ ವರ್ಣಿಸುವುದರೊಡನೆ, ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುವೆಂದೂ ಹೇಳುತ್ತದೆ. ಆದರೂ ಅನ್ನದ ಪಂಕ್ತಿ ವಿಸ್ತಾರವಾದಷ್ಟು ಪಾಠದ ಪಂಕ್ತಿ ವಿಸ್ತಾರವಾಯಿತೆಂದು ಹೇಳಲು ಆಧಾರವಿಲ್ಲ. ಆದಕಾರಣ ಹಳೆಯ ಪದ್ಧತಿಯಿಂದ ಕಲಿಯಬೇಕಾದುದು ಮನ್ನಣೆಯ ರೀತಿಯನ್ನೇ ಹೊರತು ಅದರ ಮೇರೆಗಳನ್ನಲ್ಲ.

೬

ರಾಜರ ದತ್ತಿಗಳು ಕ್ಷೀಣಿಸಿದ ಮೇಲೆ ಹಳ್ಳಿಯ ವಿದ್ಯೆಯು ಕೂಲಿಮಠ ಅಥವಾ ಐಗಳ ಮಠಗಳಲ್ಲಿ ಉಳಿದುಕೊಂಡಿತು. ಮಕ್ಕಳು ಮರಳಿನ ಮೇಲೆ ತಿದ್ದಿ ಅಕ್ಷರ ಕಲಿತರು. ಮಗ್ಗಿ, ಬಾಯಿಲೆಕ್ಕ, ಅಮರ, ಜೈಮಿನಿ ಇವೇ ಪಾಠಗಳು. ಐಗಳಿಗೆ ನಿಯತವಾದ ಸಂಬಳವಿಲ್ಲ. ದವಸ, ಕಾಯಿಪಲ್ಯ, ಹಬ್ಬದ ಕಾಣಿಕೆಗಳಿಂದ ಅವರ ಜೀವನ ಸಾಗಬೇಕಾಗಿತ್ತು.

ಈ ಮಠಗಳ ಕಾಲದಲ್ಲಿ ಮಹಾನವಮಿಯ ಹಬ್ಬವೇ ವಿದ್ಯಾಸನ್ಮಾನದ ದಿನವಾಗಿದ್ದಿತು. ನವರಾತ್ರಿಯಲ್ಲಿ ಐಗಳು ತಮ್ಮ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮನೆಮನೆಗೆ ಹೋಗುವರು. ಮಕ್ಕಳು ಹೂವಿನಿಂದ ಅಲಂಕರಿಸಿದ ಕೋಲುಗಳನ್ನು ಹಿಡಿದು ಚೌಪದಿಗಳನ್ನು ಹಾಡಿ ಮನೆಯವರಿಗೆ ಶುಭ ಕೋರುವರು. ಮನೆಯವರು ಮಕ್ಕಳಿಗೆ ತಿಂಡಿಯನ್ನೂ ಗುರುವಿಗೆ ದಕ್ಷಿಣೆಯನ್ನೂ ಕೊಡುವರು. ಘಟ್ಟದ ಕೆಳಗೆ ಉಡುಪಿ, ಕುಂದಾಪುರಗಳ ಕಡೆಯಲ್ಲಿ ಇಂದಿಗೂ ಉಳಿದಿರುವ ‘ಹೂವಿನಕೋಲು’ ಎಂಬ ಕಲೆಯು ಈ ಪದ್ಧತಿಯಿಂದಲೇ ಬೆಳೆದುದು. ಕಾಲಕ್ರಮದಲ್ಲಿ ಯಕ್ಷಗಾನದ ಪ್ರಸಂಗಭಾಗಗಳು ಅದರಲ್ಲಿ ಸೇರಿಕೊಂಡುವು.

ಈ ಮೆರವಣಿಗೆಯಲ್ಲಿ ಮೂರು ಕೆಲಸಗಳು ಏಕಕಾಲದಲ್ಲಿ ನಡೆಯುತ್ತಿದ್ದುವು. ಕಲಿತ ಮಗುವು ತನ್ನ ವಿದ್ಯೆಯನ್ನು ಊರಿಗೆ ತೋರಿಸಿ ಮೆಚ್ಚುಗೆ ಪಡೆಯಿತು. ಗುರುವಿನ ಮುಂದಿನ ತಿಂಗಳುಗಳ ಅನ್ನಕ್ಕೆ ದಾರಿಯಾಯಿತು. ಕೊಟ್ಟ ಮನೆಯವರು ಮಕ್ಕಳ ಬಾಯಿಂದಲೇ ಹರಕೆಯನ್ನು ಪಡೆದರು. ಸಭಾಪತಿಯಿಲ್ಲ, ವೇದಿಕೆಯಿಲ್ಲ. ಊರವರು ಶಾಲೆಯ ಬಳಿಗೆ ಬರುವುದಕ್ಕೆ ಬದಲಾಗಿ ಶಾಲೆಯೇ ಊರಿನ ಹೊಸ್ತಿಲುಗಳಿಗೆ ನಡೆದುಹೋಗುತ್ತಿತ್ತು. ಬಡವನು ಕೊಟ್ಟ ಒಂದು ಸೇರು ಅಕ್ಕಿಗೂ ಶ್ರೀಮಂತನು ಕೊಟ್ಟ ನಾಣ್ಯಕ್ಕೂ ಮಕ್ಕಳು ಹಾಡುತ್ತಿದ್ದ ಹರಕೆ ಒಂದೇ.

೭

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕ್ರಮವು ಬದಲಾಯಿತು. ಮೈಸೂರು ಸೀಮೆಯಲ್ಲಿ ೧೮೫೭ರಲ್ಲಿ ವಿದ್ಯಾ ಇಲಾಖೆಯು ಸ್ಥಾಪಿತವಾಯಿತು. ೧೮೬೮ರಲ್ಲಿ ಬೆಂಜಮಿನ್ ಲೂಯಿ ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳ ಏರ್ಪಾಡು ಆರಂಭವಾಯಿತು. ಹೋಬಳಿಗೊಂದರಂತೆ ಶಾಲೆಯನ್ನಿಟ್ಟು ಗ್ರಾಮಸ್ಥರ ಮಕ್ಕಳಿಗೆ ದೇಶಭಾಷೆಯಲ್ಲಿ ಪಾಠ ಹೇಳಿಸುವುದು ಅದರ ಉದ್ದೇಶ. ಗೋಣಿಬೀಡಿನಂತಹ ಹೋಬಳಿಯ ಕೇಂದ್ರಗಳಿಗೆ ವಿದ್ಯಾವಿಷಯದಲ್ಲಿ ಪ್ರಾಧಾನ್ಯ ಬಂದುದು ಈ ಏರ್ಪಾಡಿನಿಂದ.

ಇಲ್ಲಿ ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳುವುದು ಉಚಿತ. ಹೋಬಳಿ ಶಾಲೆಗಳ ಯೋಜನೆಯನ್ನು ಮಾಡಿದ ರೈಸ್ ಅವರೇ ಎಪಿಗ್ರಾಫಿಯಾ ಕರ್ನಾಟಿಕದ ಸಂಪಾದಕರು. ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ಆರನೆಯ ಸಂಪುಟವು ೧೯೦೧ರಲ್ಲಿ ಪ್ರಕಟವಾಯಿತು. ಮೂಡಿಗೆರೆ ತಾಲ್ಲೂಕಿನ ಅಂಗಡಿಯ ಶಾಸನಗಳು ಬೆಳಕಿಗೆ ಬಂದುದು ಅದರಿಂದಲೇ. ಹಳೆಯ ಗುರುವಿನ ಕಲ್ಲನ್ನು ಓದಿದವರೂ ಹೊಸ ಶಾಲೆಗೆ ರೂಪುಕೊಟ್ಟವರೂ ಒಬ್ಬರೇ ಆದರು.

ಹೊಸ ಏರ್ಪಾಡಿನಿಂದ ಆದ ಲಾಭವು ಬಹು ದೊಡ್ಡದು. ಉಪಾಧ್ಯಾಯನಿಗೆ ತಿಂಗಳ ಸಂಬಳ ಬಂದಿತು. ಅವನು ಊರವರ ದಯೆಯನ್ನು ಕಾಯಬೇಕಾದ ಅಗತ್ಯ ತಪ್ಪಿತು. ಶಾಲೆಯ ಬಾಗಿಲು ಕ್ರಮಕ್ರಮವಾಗಿ ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ತೆರೆಯಿತು. ಅಗ್ರಹಾರವು ಸಾವಿರ ವರ್ಷಗಳಲ್ಲಿ ಮಾಡದಿದ್ದ ಕೆಲಸವನ್ನು ಸರಕಾರದ ಶಾಲೆಯು ನೂರು ವರ್ಷಗಳಲ್ಲಿ ಮಾಡಿತೆಂದರೆ ಅತಿಶಯೋಕ್ತಿಯಾಗದು. ಆದರೆ ಜೀವಿಕೆಯ ಹೊಣೆಯು ಸರಕಾರಕ್ಕೆ ಸೇರಿದೊಡನೆ ಮನ್ನಣೆಯು ಜೀವಿಕೆಯಿಂದ ಬೇರ್ಪಟ್ಟಿತು. ಗುರುವಿಗೆ ಅನ್ನವನ್ನು ಕೊಡುವವರು ಒಬ್ಬರು, ಹಾರವನ್ನು ಹಾಕುವವರು ಇನ್ನೊಬ್ಬರು ಎಂದಾಯಿತು. ‘ಮಾನ್ಯ’ ಶಬ್ದದಿಂದ ಗದ್ದೆಯು ಜಾರಿಹೋಗಿ ಸಂಬೋಧನೆ ಮಾತ್ರ ಉಳಿಯಿತು.

೮

ಸ್ವಾತಂತ್ರ್ಯಾನಂತರದ ಕಾನೂನುಗಳೂ ಏರ್ಪಾಡುಗಳೂ ಈ ಬಿರುಕನ್ನು ಅಲ್ಲಲ್ಲಿ ಮುಚ್ಚಲು ಯತ್ನಿಸಿವೆ. ೧೯೫೧ರ ತೋಟ ಕಾರ್ಮಿಕರ ಅಧಿನಿಯಮವು, ತೋಟವೊಂದರಲ್ಲಿ ಕೆಲಸಗಾರರ ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳು ೨೫ಕ್ಕೆ ಮೀರಿದಲ್ಲಿ ಅವರ ವಿದ್ಯಾಭ್ಯಾಸಕ್ಕೆ ಮಾಲೀಕನೇ ಅನುಕೂಲ ಕಲ್ಪಿಸಬೇಕೆಂದು ನಿಯಮ ಮಾಡುವ ಅಧಿಕಾರವನ್ನು ರಾಜ್ಯಸರಕಾರಗಳಿಗೆ ಕೊಟ್ಟಿತು. ಕಾಫಿಯ ಸೀಮೆಯ ಮಟ್ಟಿಗೆ ಇದು ಸಾಲೋಟಗಿಯ ಊರವರು ತಾವೇ ವಿಧಿಸಿಕೊಂಡ ಕಟ್ಟಳೆಯ ದೂರದ ಸಂಬಂಧಿಯೆನ್ನಬಹುದು. ವ್ಯತ್ಯಾಸವಿಷ್ಟೆ, ಅಲ್ಲಿ ಒಪ್ಪಿಗೆಯಿದ್ದೆಡೆಯಲ್ಲಿ ಇಲ್ಲಿ ಕಾನೂನು ಬಂದಿತು. ೧೯೫೮ರಲ್ಲಿ ಉಪಾಧ್ಯಾಯರಿಗೆ ರಾಷ್ಟ್ರಪ್ರಶಸ್ತಿಯು ಆರಂಭವಾಯಿತು. ೧೯೧೮ರಿಂದ ೧೯೨೧ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರು ೧೯೬೨ರಲ್ಲಿ ರಾಷ್ಟ್ರಪತಿಗಳಾದಾಗ ಅವರ ಜನ್ಮದಿನವು ಶಿಕ್ಷಕರ ದಿನವಾಯಿತು. ೨೦೦೧ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟು, ಮಕ್ಕಳ ತಂದೆತಾಯಿಗಳಿಗೆ ಶಾಲೆಯ ಆಡಳಿತದಲ್ಲಿ ಸ್ಥಾನ ದೊರೆಯಿತು. ಅದರ ಮರುವರ್ಷದಿಂದ ಮೊದಲಾದ ಅಕ್ಷರದಾಸೋಹದಿಂದ ವಿದ್ಯಾರ್ಥಿಯ ಅನ್ನವು ಮತ್ತೆ ಶಾಲೆಯ ಏರ್ಪಾಡಿನೊಳಕ್ಕೆ ಬಂದಿತು. ನಾಗಾವಿಯ ಘಟಿಕಾಸ್ಥಾನದಲ್ಲಿ ಆಯ್ದ ಇನ್ನೂರೈವತ್ತು ಮಂದಿಗೆ ಮೀಸಲಾಗಿದ್ದ ಭೋಜನವು ಈಗ ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ನಡೆಯುತ್ತಿರುವುದು ಹಳೆಯ ಶಾಸನಗಳಿಗೆ ಇಂದಿನವರು ಮಾಡಿದ ಅತ್ಯುತ್ತಮವಾದ ತಿದ್ದುಪಡಿ.

ಇಷ್ಟಾದರೂ ಮಲೆನಾಡಿನ ಸಣ್ಣ ಶಾಲೆಗಳ ಸ್ಥಿತಿಯು ಚಿಂತೆಗೆ ಕಾರಣವಾಗಿದೆ. ಈ ಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರದೆ ತೋಟ, ಗದ್ದೆ, ಕಾಡುಗಳ ನಡುವೆ ಒಂಟೊಂಟಿಯಾಗಿ ಹರಡಿಕೊಂಡಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಕಾಲುಸಂಕಗಳು ಮುಳುಗಿದರೆ ಮಗುವು ಶಾಲೆಗೆ ಬರಲಾಗದು. ಕಾಫಿಯ ಕೊಯ್ಲು ನವೆಂಬರಿನಿಂದ ಫೆಬ್ರವರಿಯವರೆಗೆ, ಎಂದರೆ ಪಾಠಗಳು ಭರದಿಂದ ನಡೆಯುವ ಕಾಲದಲ್ಲಿ ಬರುವುದು. ಕೆಲಸವನ್ನರಸಿ ತೋಟದಿಂದ ತೋಟಕ್ಕೆ ಹೋಗುವ ಕೂಲಿಯವರ ಮಕ್ಕಳು ಒಂದು ಶಾಲೆಯಲ್ಲಿ ವರ್ಷವನ್ನು ಪೂರ್ತಿಗೊಳಿಸುವುದೇ ಕಷ್ಟ. ಅನುಕೂಲವುಳ್ಳವರು ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಶಾಲೆಗಳಿಗೆ ಕಳುಹಿಸುತ್ತಿರುವರು. ಹೀಗೆ ಹಾಜರಿಪಟ್ಟಿ ಕರಗುತ್ತ ಬಂದ ಶಾಲೆಯ ಗೋಡೆಯ ಮೇಲೆ ದಾನಿಗಳ ಹೆಸರಿನ ಫಲಕವು ಮಾತ್ರ ಹೊಳೆಯುತ್ತಿದ್ದ ಮಾತ್ರಕ್ಕೆ ದಾನವು ಪಾಲಿತವಾಯಿತೆಂದು ಹೇಳಲಾಗದು. ಶಾಸನದ ಮಾತಿನಲ್ಲಿ ಹೇಳುವುದಾದರೆ ಅದು ಪಾಲಿಸುವವರಿಲ್ಲದ ದತ್ತಿ.

ಇಂತಿರಲು ವಿದ್ಯಾಸನ್ಮಾನದ ಸಭೆಗಳು ವ್ಯರ್ಥವೆಂದು ಹೇಳುವುದು ಸರಿಯಾಗದು. ಪುರಸ್ಕಾರಕ್ಕೆ, ಎಂದರೆ ಮುಂದೆ ಕರೆದು ತೋರಿಸುವುದಕ್ಕೆ, ತನ್ನದೇ ಆದ ಶಕ್ತಿಯಿದೆ. ಕೂಲಿಯವನ ಮಗಳು ಊರವರೆಲ್ಲರ ಮುಂದೆ ಹೆಸರು ಹಿಡಿದು ಕರೆಯಿಸಿಕೊಂಡ ದಿನವನ್ನು ಆ ಮನೆಯವರು ಮರೆಯಲಾರರು. ಆದರೆ ಆ ಸಭೆಯು ಹಳೆಯ ಕಲ್ಲುಗಳಿಂದ ಮೂರು ಪಾಠಗಳನ್ನು ಕಲಿಯಬಹುದಾಗಿದೆ. ಸನ್ಮಾನಕ್ಕೆ ಮುಂದಿನ ವರ್ಷದ ಏರ್ಪಾಡೊಂದು ಜೊತೆಗೂಡಬೇಕೆಂಬುದು ಸಾಲೋಟಗಿಯ ಪಾಠ. ಪ್ರತಿಭಾ ಪುರಸ್ಕಾರ ಪಡೆದ ವಿದ್ಯಾರ್ಥಿಯ ಮುಂದಿನ ಓದಿನ ವೆಚ್ಚಕ್ಕೆ ಹೊಣೆಯಾರೆಂಬುದೂ ಅಂದೇ ನಿರ್ಧಾರವಾಗಬೇಕು. ಕಣ್ಣಿಗೆ ಬೀಳದ ಕೈಗಳನ್ನೂ ಎಣಿಕೆಗೆ ತರಬೇಕೆಂಬುದು ನಾಗಾವಿಯ ಪಾಠ. ಬಿಸಿಯೂಟ ಬಡಿಸುವ ತಾಯಂದಿರು, ಮಳೆಯಲ್ಲಿ ಮಕ್ಕಳ ಕೈಹಿಡಿದು ಸಂಕ ದಾಟಿಸುವ ನೆರೆಯವರು ಇವರೂ ಶಾಲೆಯ ಭಂಡಾರಿಗಳೇ. ಮನ್ನಣೆಯು ಎದುರಿಗಿದ್ದವರಿಗೆ ಮುಗಿಯಬಾರದೆಂಬುದು ಅಂಗಡಿಯ ಪಾಠ. ಊರಿನಲ್ಲಿ ಅಕ್ಷರ ಕಲಿಸಿ ಗತಿಸಿದ ಉಪಾಧ್ಯಾಯರ ಹೆಸರುಗಳನ್ನು ಶಾಲೆಯ ಹಳೆಯ ದಾಖಲೆಗಳಿಂದ ಹುಡುಕಿ ಬರೆದಿಡುವುದಕ್ಕೆ ಹಣದ ಅಗತ್ಯವೂ ಇಲ್ಲ.

ಶಾಂತಿದೇವನ ನಿಸಿದಿಯನ್ನು ನಿಲ್ಲಿಸಿದ ನಕರದವರು ಯಾವ ಪದಾರ್ಥದ ವ್ಯಾಪಾರ ಮಾಡುತ್ತಿದ್ದರೋ, ಅವರಲ್ಲಿ ಧನಿಕರು ಯಾರೋ, ಈಗ ಯಾರೂ ಕೇಳುವುದಿಲ್ಲ. ಅವರು ಒಬ್ಬ ಗುರುವನ್ನು ತಮ್ಮವನೆಂದು ಭಾವಿಸಿದರೆಂಬ ಒಂದೇ ಸಂಗತಿಯಿಂದ ಒಂಬೈನೂರು ವರ್ಷಗಳ ಮೇಲೆಯೂ ಅವರ ಪ್ರಸ್ತಾಪ ನಡೆಯುತ್ತಿದೆ. ಗುರುವನ್ನು ಮನ್ನಿಸಹೊರಟ ಊರು ತನಗೆ ತಿಳಿಯದೆಯೇ ತನ್ನ ಹೆಸರನ್ನೂ ಕಲ್ಲಿನಲ್ಲಿ ಬರೆಯಿಸಿಕೊಂಡಿತು.